ನಲ್ಲಿಯ ಮರೆಯ ಹಾಡು

ನೀರಿನ ಮೀಟರ್ ನೋಡಲು ಅರ್ಧ ನಿಮಿಷ ಸಾಕು. ಮುಚ್ಚಳ ಎತ್ತಬೇಕು, ಅಂಕಿ ಬರೆದುಕೊಳ್ಳಬೇಕು, ಮುಚ್ಚಳ ಹಾಕಬೇಕು. ಆ ಒಂದು ಮನೆಯ ಅಡುಗೆಮನೆ ಕಿಟಕಿಯ ಕೆಳಗೆ ಮಾತ್ರ ಅವನಿಗೆ ಹತ್ತು ನಿಮಿಷ ಹಿಡಿಯುತ್ತಿತ್ತು.

ಒಳಗೆ ಯಾರೋ ಪಾತ್ರೆ ತೊಳೆಯುತ್ತ ಹಾಡುತ್ತಿದ್ದರು. ನಲ್ಲಿ ಜೋರಾಗಿ ಸುರಿಯುತ್ತಿತ್ತು, ಹಾಡು ಅದರ ಮರೆಯಲ್ಲಿ ನಡೆಯುತ್ತಿತ್ತು. ಸಾಲು ಮರೆತಲ್ಲಿ ಆ ದನಿ ಒಂದಿಷ್ಟೂ ನಾಚದೆ ‘ಈರುಳ್ಳಿ, ಸೋಪು, ಬೆಂಕಿಪೊಟ್ಟಣ’ ಎಂದು ಅಂಗಡಿ ಸಾಮಾನಿನ ಪಟ್ಟಿಯನ್ನೇ ರಾಗಕ್ಕೆ ತುಂಬುತ್ತಿತ್ತು. ಮೂರನೇ ತಿಂಗಳು ಅವನಿಗೆ ನಗು ತಡೆಯಲಾಗಲಿಲ್ಲ.

ನಲ್ಲಿ ನಿಂತಿತು. ಕಿಟಕಿಯಲ್ಲಿ ಸೋಪಿನ ನೊರೆ ಹತ್ತಿದ ಮೂಗೊಂದು ಕಾಣಿಸಿತು.

“ಯಾರ್ರೀ ಅದು?”

“ಮೀಟರ್ ನೋಡೋಕೆ ಬಂದಿದ್ದೆ.”

“ಇಷ್ಟು ಹೊತ್ತಾ? ಮೀಟರಲ್ಲೇನು ಕಾದಂಬರಿ ಬರೆದಿದೆಯಾ?”

“ಹಾಡು ಚೆನ್ನಾಗಿತ್ತು. ಬೆಂಕಿಪೊಟ್ಟಣದ ಹತ್ತಿರ ಸ್ವಲ್ಪ ಶ್ರುತಿ ತಪ್ತು, ಅಷ್ಟೇ.”

ಅವಳು ಕಿವಿಯವರೆಗೂ ಕೆಂಪಾದಳು. ಕಿಟಕಿ ಧಡ್ ಎಂದು ಮುಚ್ಚಿತು, ಎರಡು ಬೆರಳಿನಷ್ಟು ಮಾತ್ರ ತೆರೆದೇ ಉಳಿಯಿತು. ಆ ಸಂದಿಯಿಂದ ಒಂದು ಕಣ್ಣು ಅವನು ಗೇಟು ದಾಟುವವರೆಗೂ ನೋಡುತ್ತಿತ್ತು.

ಅದು ಅವಳ ಚಿಕ್ಕಮ್ಮನ ಮನೆ. ಅವಳು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸದಲ್ಲಿದ್ದಳು. ಎದುರು ನಿಂತು ಹಾಡು ಎಂದರೆ ಬಾಯಿಗೆ ಬೀಗ; ನೀರಿನ ಸದ್ದಿದ್ದರೆ ಮಾತ್ರ ಧೈರ್ಯ. “ನನ್ನ ದನಿ ನನಗೇ ಕೇಳಿಸಬಾರದು, ಆಗ ತಾನಾಗಿ ಬರುತ್ತೆ,” ಎಂದು ಪರಿಚಯ ಬೆಳೆದ ಮೇಲೆ ಅವನಿಗೆ ಹೇಳಿದ್ದಳು. ವರ್ಷ ತುಂಬುವುದರೊಳಗೆ ಇಬ್ಬರ ಮದುವೆಯಾಯಿತು.

ಮದುವೆಯಾಗಿ ನಾಲ್ಕು ತಿಂಗಳಿಗೆ ನೀರಿನ ಬಿಲ್ಲು ದುಪ್ಪಟ್ಟು ಬಂತು. ಊರಿಗೆಲ್ಲ ನೀರು ಉಳಿಸಿ ಎಂದು ಚೀಟಿ ಹಂಚುವವನ ಮನೆಯಲ್ಲೇ! ಅವನಿಗೆ ತಲೆ ಎತ್ತಲಾಗದಂತಾಯಿತು. ಸಿಂಕಿನಲ್ಲಿ ಎರಡು ಬೋಗುಣಿ ಇಟ್ಟ. ಒಂದರಲ್ಲಿ ಉಜ್ಜು, ಇನ್ನೊಂದರಲ್ಲಿ ಅದ್ದು. ನಲ್ಲಿ ಬಿಟ್ಟುಕೊಂಡು ತೊಳೆಯುವಂತಿಲ್ಲ. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ನೆಲ ಒರೆಸಲಿಕ್ಕೆ.

“ಆಯ್ತು ಸಾಹೇಬ್ರೇ,” ಎಂದು ಅವಳು ಒದ್ದೆ ಕೈಯಲ್ಲೇ ಸೆಲ್ಯೂಟ್ ಹೊಡೆದಳು. ಹೇಳಿದ್ದನ್ನೆಲ್ಲ ಮಾಡಿದಳು. “ರೀ, ನಮ್ಮ ಫ್ಲಶ್ ಟ್ಯಾಂಕು ಯಾವಾಗ್ಲೂ ಸುಯ್ ಅಂತಿರುತ್ತೆ, ಒಂದ್ಸಲ ನೋಡಿ,” ಎಂದು ಮೂರು ಸಲ ನೆನಪಿಸಿದಳು. “ಅದು ಪಕ್ಕದ ಮನೆಯದ್ದು ಕಣೇ,” ಎಂದು ಅವನು ಮೂರು ಸಲವೂ ತಳ್ಳಿಹಾಕಿದ.

ಮುಂದಿನ ಬಿಲ್ಲೂ ಹಾಗೇ ಬಂತು.

“ನಾನು ಡ್ಯೂಟಿಗೆ ಹೋದ್ಮೇಲೆ ನಲ್ಲಿ ಬಿಟ್ಕೊಂಡು ಹಾಡ್ತಾ ನಿಲ್ತೀಯಾ?” ಎಂದು ಕೇಳಿಯೇಬಿಟ್ಟ.

ಅವಳು ಬೋಗುಣಿಯಿಂದ ಕೈ ತೆಗೆಯಲಿಲ್ಲ. “ನಾನು ಹಾಡಿ ಎಷ್ಟು ದಿನ ಆಯ್ತು, ನಿಮಗೆ ಗೊತ್ತಾ?” ಎಂದಳು. ಸಂಜೆ ಚಿಕ್ಕಮ್ಮನಿಗೆ ಕಾಲುನೋವು ಎಂಬ ನೆಪ ಹೇಳಿ, ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಮರುದಿನ ಅವನಿಗೆ ರಜೆ. ಮನೆ ಬಿಕೋ ಎನ್ನುತ್ತಿತ್ತು. ಕೂರಲಾಗದೆ ಹೊರಗೆ ಹೋಗಿ ತನ್ನ ಮನೆಯ ಮೀಟರಿನ ಮುಚ್ಚಳ ಎತ್ತಿದ. ಆ ಬೀದಿಯ ಮೀಟರ್ ನೋಡುವವನು ಬೇರೆಯವನು. ಇವನು ಅದನ್ನು ಇಷ್ಟು ದಿನ ತೆರೆದೇ ಇರಲಿಲ್ಲ. ಮನೆಯಲ್ಲಿ ಒಂದು ನಲ್ಲಿಯೂ ಬಿಟ್ಟಿರಲಿಲ್ಲ. ಆದರೂ ಗಾಜಿನೊಳಗಿನ ಪುಟ್ಟ ಕೆಂಪು ಚಕ್ರ ತಿರುಗುತ್ತಲೇ ಇತ್ತು. ಬೇರೆಯವರ ಮನೆಯಲ್ಲಾಗಿದ್ದರೆ ನೋಡಿದ ಕೂಡಲೇ ಎಲ್ಲೋ ಸೋರುತ್ತಿದೆ ಎಂದು ಹೇಳುತ್ತಿದ್ದ.

ಅವಳ ನೀಲಿ ಇಂಕಿನ ಬಾಟಲಿ ತಂದು ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಬಿಟ್ಟು ಕಾದ. ಯಾರೂ ಫ್ಲಶ್ ಒತ್ತದಿದ್ದರೂ ಕಮೋಡಿನೊಳಕ್ಕೆ ನೀಲಿ ನೀರು ಮೆಲ್ಲಗೆ ಇಳಿಯತೊಡಗಿತು. ಟ್ಯಾಂಕಿನ ತಳದಲ್ಲಿದ್ದ ಬಳೆಯಂಥ ರಬ್ಬರ್ ವಾಷರ್ ಸವೆದು ಹೋಗಿತ್ತು.

ಇಷ್ಟಕ್ಕಾಗಿ ಅವಳ ಬಾಯಿ ಮುಚ್ಚಿಸಿದ್ದ. ಸಾಲದೆಂದು ಕಳ್ಳಿಯನ್ನು ವಿಚಾರಿಸುವಂತೆ ವಿಚಾರಿಸಿದ್ದ. ಹಾಡಿನ ಬೆನ್ನು ಹತ್ತಿ ಮದುವೆಯಾದವನಿಗೆ ಹಾಡು ನಿಂತದ್ದೇ ತಿಳಿದಿರಲಿಲ್ಲ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲೂ ಅವನಿಗೆ ನಾಚಿಕೆಯಾಯಿತು.

ಹೊಸ ವಾಷರ್ ಹಾಕಿ, ಚಕ್ರ ನಿಂತದ್ದನ್ನು ಎರಡೆರಡು ಸಲ ನೋಡಿ, ಹಳೆಯದನ್ನು ಜೇಬಿಗೆ ಹಾಕಿಕೊಂಡು ಚಿಕ್ಕಮ್ಮನ ಮನೆಗೆ ನಡೆದ.

ಅದೇ ಕಿಟಕಿ. ನಲ್ಲಿ ಸುರಿಯುತ್ತಿತ್ತು, ಹಾಡು ನಡೆಯುತ್ತಿತ್ತು. ಎಷ್ಟು ದಿನವಾಗಿತ್ತು ಕೇಳಿ! ಅವನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವಳು ತಲೆಯೆತ್ತಿದಳು. ಅವನನ್ನು ಕಂಡದ್ದೇ ತಡ, ಅವಳ ಕೈ ನಲ್ಲಿಯನ್ನು ನಿಲ್ಲಿಸಿತು.

“ಈಗಷ್ಟೇ ಬಿಟ್ಟಿದ್ದೆ ರೀ,” ಎಂದಳು ಗಾಬರಿಯಲ್ಲಿ. “ಒಂದು ನಿಮಿಷಾನೂ ಆಗಿಲ್ಲ.”

ಅವಳು ಬಾಯಿಗೆ ಬಂದಂತೆ ಬೈದಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ವಾಷರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

“ಸೋರ್ತಿದ್ದಿದ್ದು ಇದು. ಟ್ಯಾಂಕಿಂದು. ನೀನು ಮೂರು ಸಲ ಹೇಳಿದ್ದೆ.”

“ಪಕ್ಕದ ಮನೆಯದ್ದಲ್ವಾ?”

“ಅಲ್ಲ, ನಮ್ಮದೇ. ತಪ್ಪು ನನ್ನದು, ನಿನ್ನ ತಲೆಗೆ ಕಟ್ಟಿದೆ. ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ.”

ಅವಳು ವಾಷರನ್ನು ಎತ್ತಿಕೊಂಡು, ಅದರ ತೂತಿನಿಂದ ಒಂದು ಕಣ್ಣಲ್ಲಿ ಅವನನ್ನು ನಿಧಾನವಾಗಿ ನೋಡಿದಳು. ಅಂಗಡಿಯಲ್ಲಿ ಗಾಜು ಪರೀಕ್ಷಿಸುವಾಗಲೂ ಹೀಗೇ ನೋಡುತ್ತಿದ್ದಳು.

“ಇದರಲ್ಲಿ ನೋಡಿದ್ರೆ ಸ್ವಲ್ಪ ಒಳ್ಳೆಯವರ ಹಾಗೆ ಕಾಣ್ತೀರಿ.”

“ನಲ್ಲಿ ಬಿಡು. ಪೂರ್ತಿ ಬಿಡು. ಬಿಲ್ಲು ಎಷ್ಟಾದ್ರೂ ಬರ್ಲಿ. ನೀನು ಹಾಡು.”

ಅವಳು ನಲ್ಲಿಯ ಮೇಲೆ ಕೈಯಿಟ್ಟಳು. ತಿರುಗಿಸಲಿಲ್ಲ.

“ನೀರು ಪೋಲು ಮಾಡೋಕೆ ನನಗೂ ಮನಸ್ಸಿಲ್ಲ ರೀ. ನಿಮ್ಮ ಬೋಗುಣಿ ಒಳ್ಳೇದೇ. ನೀವು ಕೇಳಿದ ರೀತಿ ಕೆಟ್ಟದ್ದು.”

“ಗೊತ್ತು.”

“ಹಾಗಿದ್ರೆ ಆ ಕಡೆ ತಿರುಗಿ. ನನ್ನ ನೋಡಬಾರದು.”

ಅವನು ಮೀಟರಿನತ್ತ ತಿರುಗಿ ಕುಕ್ಕರುಗಾಲಲ್ಲಿ ಕೂತ. ಮಾಡಲು ಬೇರೇನೂ ತೋಚದೆ ಅದರ ಮುಚ್ಚಳ ಎತ್ತಿದ. ಆಮೇಲೆ ನಡುಗುವ ದನಿಯೊಂದು, ನೀರಿನ ಮರೆಯಿಲ್ಲದೆ, ಮೊದಲ ಸಾಲನ್ನು ಎತ್ತಿಕೊಂಡಿತು. ಎರಡನೆಯದರಲ್ಲಿ ಗಟ್ಟಿಯಾಯಿತು. ಸಾಲು ಮರೆತಲ್ಲಿ ‘ವಾಷರು, ಬೋಗುಣಿ, ನನ್ನ ಪೆದ್ದ ಗಂಡ’ ಎಂದು ತುಂಬಿಕೊಂಡು ಮುಂದೆ ಹೋಯಿತು.

ಅವನು ನಗಲು ಹೋಗಿ ಅತ್ತುಬಿಟ್ಟ. ಮೀಟರಿನಲ್ಲಿ ಕೆಂಪು ಚಕ್ರ ಅಲುಗದೆ ನಿಂತಿತ್ತು.