ಎಡಗಡೆಯ ಬುಷ್

ಕಾರಿನಲ್ಲಿ ನಾನೊಬ್ಬನೇ ಓಡಾಡುವುದು ಎಂದರೆ ಹೆಂಡತಿ ನಂಬುತ್ತಿರಲಿಲ್ಲ. ಕಿರ್ರೆನ್ನುತ್ತಿದ್ದ ಕಾರನ್ನು ಒಂದು ಮಧ್ಯಾಹ್ನ ಗ್ಯಾರೇಜಿಗೆ ಒಯ್ದಾಗ ಅವಳೂ ಜೊತೆಗೆ ಬಂದಳು.

ಮೆಕ್ಯಾನಿಕ್ ಮುಂಚಕ್ರಗಳ ಬಳಿ ಕಾರಿನ ಭಾರಕ್ಕೆ ಮೆತ್ತೆಯಾಗಿರುವ, ಸವೆದ ರಬ್ಬರ್ ಬುಷ್‌ಗಳನ್ನು ಬಿಚ್ಚಿ ತೋರಿಸಿದ. "ಎಡಗಡೇದು ಮಾತ್ರ ಅಪ್ಪಚ್ಚಿಯಾಗಿದೆ ಸಾರ್. ಪಕ್ಕದಲ್ಲಿ ದಿನಾ ಯಾರೋ ಭಾರಿ ಆಸಾಮಿ ಕೂರ್ತಾರೆ."

"ಕೇಳಿಸ್ತೇನ್ರೀ?" ಎಂದು ಇವಳು ನನ್ನನ್ನು ದುರುಗುಟ್ಟಿ ನೋಡಿದಳು.

ಹೊಸ ಬುಷ್ ಕೂರಿಸಿದ ಮೇಲೆ ಅವನು ಜಾಕ್ ಇಳಿಸಿ, ಬೋಲ್ಟ್ ಬಿಗಿಮಾಡಲು ಕಾರಿನಡಿಗೆ ನುಸುಳಿದ. ಕಾರು ಕಿರ್ರೆಂದು ಎಡಕ್ಕೆ ವಾಲಿತು.

"ಅಮ್ಮಾ, ಈಗ್ಲೇ ಯಾಕೆ ಹತ್ತಿದ್ರಿ? ಸ್ವಲ್ಪ ಇಳೀರಿ," ಎಂದ ಕೆಳಗಿನಿಂದ.

ನನ್ನವಳು ನನ್ನ ತೋಳು ಹಿಡಿದು ಹೊರಗೇ ನಿಂತಿದ್ದಳು. ಬಾಗಿಲು ತೆರೆಯಲಿಲ್ಲ, ಕಾರು ಮಾತ್ರ ಎರಡು ಬೆರಳಷ್ಟು ಮೇಲೆದ್ದಿತು.

ಹೊರಡುವಾಗ ಅವಳು ಮುಂದಿನ ಎಡಗಡೆ ಸೀಟಿನ ಮೇಲೆ ಕೈಯಿಟ್ಟು ನೋಡಿ, ಹಿಂದೆ ಹೋಗಿ ಕೂತಳು.

"ಇನ್ನೂ ಬೆಚ್ಚಗಿದೆ ರೀ," ಎಂದಳು.