ತಳ ಹಿಡಿದ ಹಾಲು

"ಒಳಗೆ ಹಾಲು ತಳ ಹಿಡೀತಾ ಉಂಟು. ಸ್ವಲ್ಪ ನೋಡ್ತೀರಾ?"

ಹೆಣ್ಣು ನೋಡಲು ಬಂದ ಗಂಡು ಮುಕ್ತಾಳಿಗೆ ಆಡಿದ ಮೊದಲ ಮಾತು ಅದು. ಹೆಸರು ಕೇಳಲಿಲ್ಲ, ಎಷ್ಟು ಓದಿದ್ದೀರಿ ಎಂದೂ ಕೇಳಲಿಲ್ಲ. ಡೊಂಬಿವಲಿಯ ಆ ಪುಟ್ಟ ಹಾಲ್‌ನಲ್ಲಿ ಹಿರಿಯರೆಲ್ಲ ಮಾತು ನಿಲ್ಲಿಸಿ ಅವನನ್ನೇ ನೋಡಿದರು. ಬೇರೆ ಯಾರಿಗೂ ಯಾವ ವಾಸನೆಯೂ ಬಂದಿರಲಿಲ್ಲ.

ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ಮುಕ್ತಾಳಿಗೆ ಮೈಯೆಲ್ಲ ಉರಿದುಹೋಯಿತು. 'ಹೆಣ್ಣು ನೋಡಲು ಬಂದವನೋ, ಅಡುಗೆಮನೆ ತಪಾಸಣೆಗೆ ಬಂದವನೋ...' ಎಂದುಕೊಳ್ಳುತ್ತ ಒಳಗೆ ಹೋದಳು. ಪಾಯಸಕ್ಕೆಂದು ಇಟ್ಟ ಹಾಲಿನಲ್ಲಿ ಸೌಟು ಆಡಿಸಿದರೆ, ತಳದಲ್ಲಿ ಆಗಷ್ಟೇ ಹತ್ತಲು ಶುರುವಾಗಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಪಾಯಸ ಮೋರಿಗೆ ಹೋಗುತ್ತಿತ್ತು.

ಹೊರಗೆ ಬಂದಾಗ ಅವನು ತಲೆ ತಗ್ಗಿಸಿ ಕೂತಿದ್ದ. "ತಪ್ಪು ತಿಳೀಬೇಡಿ. ನನ್ನ ಈ ಮೂಗೊಂದು ಸುಮ್ಮನೆ ಕೂರೋದಿಲ್ಲ," ಎಂದ. ಅವನ ಕಿವಿ ಕೆಂಪಾಗಿತ್ತು. ಮುಕ್ತಾಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅವನ ಹೆಸರು ರಘುಪತಿ. ಉಡುಪಿ ಕಡೆಯ ಅಡುಗೆಯವರ ಮನೆತನ. ರಬಾಳೆಯ ಕಾರ್ಖಾನೆಗಳ ನಡುವಿನ ಒಂದು ಶಾಕಾಹಾರಿ ಹೋಟೆಲಿನಲ್ಲಿ ಮುಖ್ಯ ಅಡುಗೆಯವನು. ಅವನ ಮನೆತನದಲ್ಲಿ ಒಂದು ಪದ್ಧತಿ. ದೇವರಿಗೆ ನೈವೇದ್ಯ ಆಗುವ ಮೊದಲು ಅಡುಗೆಯವನು ರುಚಿ ನೋಡುವಂತಿಲ್ಲ. ಉಪ್ಪು ಹೆಚ್ಚೋ, ಹಿಂಗು ಕಡಿಮೆಯೋ, ಹುಳಿ ಬೆಂದಿತೋ ಇಲ್ಲವೋ, ಎಲ್ಲವನ್ನೂ ಏಳುವ ಹಬೆಯಲ್ಲೇ ತಿಳಿಯಬೇಕು. ಮುಂಬಯಿ ಸೀಮೆಗೆ ಬಂದ ಮೇಲೂ ರಘುಪತಿ ಅದನ್ನು ಬಿಟ್ಟಿರಲಿಲ್ಲ. ಮೊದಲ ಸೌಟು ಗಲ್ಲಾದ ಮೇಲಿನ ಕೃಷ್ಣನ ಪಟಕ್ಕೆ, ಆಮೇಲೆ ಗಿರಾಕಿಗೆ.

ಮದುವೆಯಾಗಿ ಇಬ್ಬರೂ ಕಾಮೋಠೆಯ ಬಾಡಿಗೆ ಮನೆಗೆ ಬಂದರು. ಒಂದು ರೂಮು, ಒಂದು ಕಿಚನ್, ಸಂಜೆಯಾದರೆ ಹೇಳತೀರದಷ್ಟು ಸೊಳ್ಳೆ. ಆದರೂ ಆ ವರ್ಷ ಮುಕ್ತಾ ನಕ್ಕಷ್ಟು ಹಿಂದೆಂದೂ ನಕ್ಕಿರಲಿಲ್ಲ.

ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗಲೇ ರಘುಪತಿಗೆ ಯಾರ ಮನೆಯಲ್ಲಿ ಏನು ಅಡುಗೆ ಎಂದು ಗೊತ್ತಾಗುತ್ತಿತ್ತು.

"ಕೆಳಗೆ ಪಾಟೀಲರಲ್ಲಿ ಕಡಲೆಹಿಟ್ಟಿನ ಪಿಠಲಾ. ಎದುರುಮನೆ ಪುಷ್ಪಾವತಿಯಕ್ಕನಲ್ಲಿ ಬಸಳೆ. ನಮ್ಮಲ್ಲಿ..." ಎಂದು ಬಾಗಿಲಲ್ಲೇ ಕಣ್ಣು ಮುಚ್ಚಿ ನಿಂತು, "ನಮ್ಮಲ್ಲಿ ಹೆಂಡತಿಗೆ ಸಿಟ್ಟು ಬಂದಿದೆ. ಒಗ್ಗರಣೆ ಸೀದಿದೆ," ಎನ್ನುತ್ತಿದ್ದ. ಆ ಮೂಗು ಇಡೀ ಬಿಲ್ಡಿಂಗಿನಲ್ಲಿ ಹೆಸರುವಾಸಿಯಾಗಿತ್ತು.

ಅವಳೂ ಬಿಡುತ್ತಿರಲಿಲ್ಲ. "ಬೇರೆಯವರ ಮನೆ ವಾಸನೆ ಸಾಕು. ನಿಮ್ಮ ಮೈಯೇ ಹಿಂಗಿನ ಡಬ್ಬಿ. ಮೊದಲು ಸ್ನಾನ, ಆಮೇಲೆ ಮಾತು."

ಅವನು ನಿಂಬೆ ಸಿಪ್ಪೆ ತಿಕ್ಕಿ ಸ್ನಾನ ಮಾಡಿ, ತೋಳನ್ನು ತಾನೇ ಮೂಸಿ ನೋಡಿ, "ಈಗ ಪಾಸ್," ಎಂದು ಹತ್ತಿರ ಬರುತ್ತಿದ್ದ. ತಮಾಷೆಗೆ ಆಡಿದ ಮಾತು ಅವನ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ಮುಕ್ತಾ ಹೋಟೆಲಿಗೆ ಫೋನ್ ಮಾಡಿದಳು. "ಇವತ್ತು ಬೇಗ ಬನ್ನಿ. ಒಂದು ವಿಷಯ ಉಂಟು... ಫೋನಿನಲ್ಲಿ ಹೇಳುವಂಥದ್ದಲ್ಲ."

ರಘುಪತಿಗೆ ಅರ್ಥವಾಗಿತ್ತು. ಆದರೆ ಬೇಗ ಬರಬೇಕಾದವನು ತಡವಾಗಿ ಬಂದ. ತಲೆಯ ಹಿಂಭಾಗ ಊದಿಕೊಂಡಿತ್ತು.

"ಎಂತಾಯ್ತು?"

"ಹೋಟೆಲಿನಲ್ಲಿ ಜಾರಿದೆ ಮಾರಾಯ್ತಿ. ಎಂತದೂ ಇಲ್ಲ. ನೀನು ವಿಷಯ ಹೇಳು."

ಅವಳು ಹೇಳಿದಳು. ಅವನು ಅವಳ ಅಂಗೈಯನ್ನು ಕಣ್ಣಿಗೊತ್ತಿಕೊಂಡ. ಅವರಿಬ್ಬರೂ ಜೊತೆಯಾಗಿ ಖುಷಿಪಟ್ಟ ಕೊನೆಯ ಸಂಜೆ ಅದಾಗಿತ್ತು.

ಮೂರು ತಿಂಗಳು ತುಂಬುವ ಮೊದಲೇ ಹೊಟ್ಟೆಯಲ್ಲಿದ್ದ ಮಗು ಹೋಯಿತು. ಪನ್ವೇಲಿನ ಆಸ್ಪತ್ರೆಯಿಂದ ರಿಕ್ಷಾದಲ್ಲಿ ಮನೆಗೆ ಬರುವಾಗ ಮುಕ್ತಾ ಅಳದೆ ರಸ್ತೆಯನ್ನೇ ನೋಡುತ್ತ ಕೂತಳು. ಆಮೇಲೆ ಮನೆಯಲ್ಲಿ ಮಾತೇ ಇಲ್ಲವಾಯಿತು.

ರಘುಪತಿ ಮೆಟ್ಟಿಲು ಹತ್ತುವಾಗ ಈಗ ಯಾರ ಮನೆಯ ಅಡುಗೆಯನ್ನೂ ಹೇಳುತ್ತಿರಲಿಲ್ಲ. ಚಾಪೆಯನ್ನು ಬಾಗಿಲ ಹತ್ತಿರ ಹಾಸಿಕೊಂಡು ದೂರ ಮಲಗುತ್ತಿದ್ದ. ಅವಳು ಹತ್ತಿರ ಹೋದರೆ, "ಬೇಡ, ಸೆಕೆ," ಎಂದು ಸರಿಯುತ್ತಿದ್ದ.

ಇನ್ನೊಂದು ವಿಚಿತ್ರ. ದಿನಾ ಹೋಟೆಲಿನಿಂದ ಡಬ್ಬಿಯಲ್ಲಿ ಸಾಂಬಾರು ತಂದು ಅವಳ ಮುಂದೆ ಇಡುತ್ತಿದ್ದ. "ಹೇಗುಂಟು ಹೇಳು. ಹಿಂಗು ಸಾಕಾ? ಸರಿಯಾಗಿ ನೋಡಿ ಹೇಳು."

'ನಿನಗೆ ಇಂಥದ್ದು ಮಾಡಲು ಬರುವುದಿಲ್ಲ ಎಂದು ತೋರಿಸುತ್ತಿದ್ದಾನಾ...' ಎಂದುಕೊಳ್ಳುತ್ತ ಅವಳು ಒಂದೆರಡು ಮಾತಿನಲ್ಲಿ ಉತ್ತರ ಕೊಟ್ಟು ಏಳುತ್ತಿದ್ದಳು. ಒಂದು ದಿನ ಅವಳು ಮಾಡಿದ ಸಾರು ಸೀದು ಕರಕಲಾಯಿತು. ಬೇಕೆಂದೇ ಅದನ್ನೇ ಬಡಿಸಿದಳು. ಬೈಯಲಿ, ಮೊದಲಿನ ಹಾಗೆ ಛೇಡಿಸಲಿ ಎಂದು ಕಾದಳು.

"ಒಳ್ಳೇದಾಗಿದೆ," ಎಂದು ರಘುಪತಿ ಉಂಡು ಎದ್ದ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಜಗಳವನ್ನೇ ಆಡದೆ ಉಂಡು ಮಲಗುವವರ ಬಗ್ಗೆ ಯಾರೂ ಗಾದೆ ಕಟ್ಟಲಿಲ್ಲ. ಮಗುವನ್ನು ಉಳಿಸಿಕೊಳ್ಳಲಾಗದ ನಾನು ಇವರಿಗೆ ಬೇಡವಾಗಿದ್ದೇನೆ ಎಂದು ಮುಕ್ತಾ ಅವತ್ತು ತೀರ್ಮಾನಿಸಿದಳು.

ಹೀಗಿರುವಾಗ ಮಳೆಗಾಲದ ಒಂದು ಮುಸ್ಸಂಜೆ. ಹಾಲನ್ನು ಸಣ್ಣ ಉರಿಯಲ್ಲಿಟ್ಟು, ತಲೆಸುತ್ತು ಬಂದದ್ದರಿಂದ ಮುಕ್ತಾ ಹೊರಗಿನ ರೂಮಿನಲ್ಲಿ ಮಲಗಿದ್ದಳು. ಸೊಳ್ಳೆಗೆಂದು ಕಿಟಕಿ ಮುಚ್ಚಿತ್ತು. ಕರೆಂಟು ಹೋಗಿತ್ತು. ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗಾಗಿ ಕಣ್ಣು ಬಿಟ್ಟರೆ, ಮನೆಯ ತುಂಬ ಗ್ಯಾಸಿನ ವಾಸನೆ. ಹಾಲು ಉಕ್ಕಿ ಉರಿ ಆರಿದೆ ಎಂದು ಹೊಳೆಯುವಷ್ಟರಲ್ಲಿ ದೇವರ ಗೂಡಿನ ಮುಂದೆ ನಿಂತ ಗಂಡ ಕಂಡ. ಕೆಲಸದಿಂದ ಬಂದು, ಕೈಕಾಲು ತೊಳೆದು, ದೀಪ ಹಚ್ಚಲು ನಿಂತಿದ್ದ. ಒಂದು ಕೈಯಲ್ಲಿ ಬೆಂಕಿಪೊಟ್ಟಣ, ಇನ್ನೊಂದರಲ್ಲಿ ಕಡ್ಡಿ.

ಮುಕ್ತಾ ಹಾರಿ ಹೋಗಿ ಅವನ ಕೈಗೆ ಬಡಿದಳು. ಕಡ್ಡಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಒಳಗೋಡಿ ಗ್ಯಾಸ್ ಬಂದ್ ಮಾಡಿದಳು. ಕಿಟಕಿ ಬಾಗಿಲು ತೆರೆದಳು.

ಎದುರುಮನೆಯ ಪುಷ್ಪಾವತಿಯಕ್ಕ ಮೂಗು ಮುಚ್ಚಿಕೊಂಡು ಓಡಿಬಂದಳು. "ಎಂತ ಮಾರಾಯ್ತಿ ಇದು, ಪ್ಯಾಸೇಜಿನ ತನಕ ಬರ್ತಾ ಉಂಟು! ನಿನ್ನ ಗಂಡ ಮನೆಯಲ್ಲೇ ಇದ್ರಲ್ಲ, ಗೊತ್ತಾಗ್ಲಿಲ್ವಾ?"

ಮುಕ್ತಾ ಗಂಡನ ಮುಖ ನೋಡಿದಳು. ಅವನು ಗೋಡೆಗೆ ಒರಗಿ, ನೆಲಕ್ಕೆ ಚೆಲ್ಲಿದ ಕಡ್ಡಿಗಳನ್ನೇ ನೋಡುತ್ತಿದ್ದ.

"ನಿಮಗೆ ವಾಸನೆ ಬರ್ಲಿಲ್ವಾ?"

"ಗೊತ್ತಾಗ್ಲಿಲ್ಲ."

ಬೇರೆ ಯಾರು ಆ ಮಾತು ಹೇಳಿದ್ದರೂ ಅವಳು ನಂಬುತ್ತಿದ್ದಳು. ಮುಚ್ಚಿದ ಬಾಗಿಲಾಚೆಯ ಬಸಳೆಯನ್ನು ಮೂಸುವವನಿಗೆ, ಒಳಗಿನ ಹಾಲು ತಳ ಹಿಡಿಯುವ ಮೊದಲೇ ತಿಳಿಯುವವನಿಗೆ ಮನೆ ತುಂಬಿದ ಗ್ಯಾಸ್ ಗೊತ್ತಾಗಲಿಲ್ಲವೇ? ಗೊತ್ತಿದ್ದೂ ಕಡ್ಡಿ ಹಿಡಿದು ನಿಂತಿದ್ದನೇ? ಆ ಯೋಚನೆ ಬಂದದ್ದೇ ಅವಳು ಅವನಿಂದ ಎರಡು ಹೆಜ್ಜೆ ಹಿಂದೆ ಸರಿದಳು.

"ನಾನು ಅಮ್ಮನ ಮನೆಗೆ ಹೋಗ್ತೇನೆ," ಎಂದಳು. ತಡೆಯಲಿ ಎಂದು ಒಂದು ಕ್ಷಣ ಕಾದಳು ಕೂಡ.

"ಹೋಗು ಮುಕ್ತಾ. ನೀನು ಇಲ್ಲಿರೋದಕ್ಕಿಂತ ಅಲ್ಲಿರೋದೇ ಒಳ್ಳೇದು," ಎಂದ ರಘುಪತಿ.

ಡೊಂಬಿವಲಿಯಲ್ಲಿ ತಾಯಿ ದಮಯಂತಿ ಮಗಳನ್ನು ಅಪ್ಪಿಕೊಂಡು ಅತ್ತಳು. ತಮ್ಮ ಮನೀಶ ಕೆಂಡವಾದ. ಅವನಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಹಿಂದಿ. "ದೀದಿ, ಸೀಧಾ ಪೊಲೀಸ್ ಮೇ ಕಂಪ್ಲೇಂಟ್ ಕರೋ. ಮರ್ ಜಾತೀ ತೂ," ಎಂದ, ಅಕ್ಕ ಸತ್ತೇ ಹೋಗುತ್ತಿದ್ದಳಲ್ಲ ಎಂಬ ಸಿಟ್ಟಿನಲ್ಲಿ.

"ಒಮ್ಮೆ ಅವರನ್ನು ಕರೆದು ಕೇಳುವ ಮಗಾ," ಎಂದಳು ದಮಯಂತಿ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಭಾನುವಾರ ಬರಲಿ. ಅವರ ಉತ್ತರ ಸರಿ ಕಾಣದಿದ್ರೆ ಸಂಬಂಧ ಅಲ್ಲಿಗೆ ಮುಗೀತು."

ಮುಕ್ತಾ ಹೂಂ ಎಂದಳು. ಆದರೆ ಊಟ ಸೇರಲಿಲ್ಲ. ಕೊಲ್ಲಲು ನಿಂತಿದ್ದ ಎಂದು ನಂಬಿದವನನ್ನೇ ಮನಸ್ಸು ನೆನೆಯುತ್ತಿತ್ತು. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಭಾನುವಾರ ರಘುಪತಿ ಬಂದ. ಹೆಣ್ಣು ನೋಡಲು ಬಂದ ದಿನ ಕೂತ ಅದೇ ಕುರ್ಚಿ. ಗಡ್ಡ ಬೆಳೆದಿತ್ತು, ಅಂಗಿ ಸಡಿಲವಾಗಿತ್ತು. ದಮಯಂತಿ ಕಾಫಿಗೆ ಹಾಲಿಟ್ಟು, ಮಾತು ಕೇಳಲು ಬಂದು ಬಾಗಿಲಲ್ಲಿ ನಿಂತಳು.

"ಅಳಿಯಂದ್ರೇ, ಒಂದೇ ಮಾತು. ಅವತ್ತು ಗ್ಯಾಸ್ ವಾಸನೆ ನಿಮಗೆ ಗೊತ್ತಾಗಿತ್ತಾ, ಇಲ್ವಾ?"

ರಘುಪತಿ ತನ್ನ ಕೈಗಳನ್ನೇ ನೋಡುತ್ತ ಕೂತ. "ನನ್ನದೇ ತಪ್ಪು. ನಿಮಗೆ ಹೇಗೆ ಬೇಕೋ ಹಾಗೆ ಮಾಡಿ. ಅವಳು ಕ್ಷೇಮವಾಗಿರ್ಲಿ, ಅಷ್ಟೇ."

"ಜವಾಬ್ ದೋ ನಾ," ಎಂದು ಮನೀಶ ಮುಂದೆ ಬಂದ.

ಮುಕ್ತಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಆಗ ಒಳಗಿನಿಂದ ಮೆಲ್ಲಗೆ ಒಂದು ವಾಸನೆ ಬಂತು. ಹಾಲು ತಳ ಹಿಡಿಯುತ್ತಿತ್ತು. ಏಳಲು ಹೋದವಳು, ಗಂಡ ಏನೆನ್ನುತ್ತಾನೆ ನೋಡೋಣ ಎಂದು ತಡೆದುಕೊಂಡಳು.

ವಾಸನೆ ದಟ್ಟವಾಯಿತು. ಕಮಟು ಇಡೀ ಕೋಣೆಯನ್ನು ತುಂಬಿತು. ಅಡುಗೆಮನೆಯ ಬಾಗಿಲು ರಘುಪತಿಯ ಬೆನ್ನ ಹಿಂದೆಯೇ ಇತ್ತು. ಅವನ ತಲೆ ತಿರುಗಲಿಲ್ಲ. ಮೂಗಿನ ಹೊಳ್ಳೆ ಅಲುಗಲಿಲ್ಲ. ಸುಮ್ಮನೆ ಕೂರದ ಆ ಮೂಗು ಸುಮ್ಮನೆ ಕೂತಿತ್ತು.

"ಮಮ್ಮಿ, ದೂಧ್ ಜಲ್ ರಹಾ ಹೈ," ಎಂದು ಮನೀಶ ಕೂಗಿದ. ದಮಯಂತಿ ಒಳಗೆ ಓಡಿದಳು.

ರಘುಪತಿ ಬೆಚ್ಚಿ ತಲೆಯೆತ್ತಿದ. "ಹೌದೌದು... ವಾಸನೆ ಬರ್ತಾ ಉಂಟು," ಎಂದ ಅವಸರದಲ್ಲಿ.

ಆ ಸುಳ್ಳು ಮುಕ್ತಾಳ ಎದೆಗೆ ನಾಟಿತು. ದಿನಾ ತಂದ ಸಾಂಬಾರು, ಸೀದ ಸಾರು, ಬಾಗಿಲ ಹತ್ತಿರದ ಚಾಪೆ, ಒಂದೊಂದಾಗಿ ಎಲ್ಲ ಕಣ್ಮುಂದೆ ಬಂದವು.

"ಮನೀಶ, ನೀನು ಒಳಗೆ ಹೋಗು," ಎಂದಳು. ಅವನು ಗೊಣಗುತ್ತ ಹೋದ. ಮುಕ್ತಾ ಗಂಡನ ಎದುರು ನೆಲದ ಮೇಲೆ ಕೂತಳು.

"ಯಾವಾಗಿಂದ?"

ಅವನು ಮುಖವನ್ನು ಪಕ್ಕಕ್ಕೆ ತಿರುಗಿಸಿದ.

"ಮೂಗು ಹೋಗಿ ಎಷ್ಟು ಸಮಯ ಆಯ್ತು? ನನಗೆ ಹೇಳ್ಬಾರ್ದಿತ್ತಾ?"

ರಘುಪತಿ ತಲೆಯ ಹಿಂಭಾಗವನ್ನು ಮುಟ್ಟಿಕೊಂಡ. "ಅವತ್ತು... ನೀನು ಬೇಗ ಬನ್ನಿ ಅಂತ ಫೋನ್ ಮಾಡಿದ ದಿನ. ಜುಯಿನಗರದಲ್ಲಿ ಗಾಡಿ ಬದಲಿಸ್ಲಿಕ್ಕೆ ಓಡಿದೆ. ಹೊರಟ ಗಾಡಿ ಹಿಡಿಯೋಕೆ ಹೋಗಿ ಕಾಲು ಜಾರಿತು, ಪ್ಲಾಟ್‌ಫಾರ್ಮಿಗೆ ತಲೆ ಬಡಿಯಿತು. ಮರುದಿನ ಸಾಂಬಾರಿನ ಮುಂದೆ ನಿಂತ್ರೆ ಬರೀ ಹಬೆ, ಮುಕ್ತಾ. ಏನೂ ಇಲ್ಲ. ವಾಶಿಯ ಡಾಕ್ಟ್ರು ನರ ತುಂಡಾಗಿದೆ, ವಾಪಸ್ ಬರೋದು ಕಷ್ಟ ಅಂದ್ರು."

"ಹೋಟೆಲಿನಲ್ಲಿ ಬಿದ್ದೆ ಅಂದ್ರಿ."

"ನಿನ್ನ ಫೋನಿಗೆ ಓಡಿದ್ದು ಅಂತ ಹೇಳ್ಲಾ? ಆಮೇಲೆ ಮಗುವೂ ಹೋಯ್ತು. ಅದರ ಮೇಲೆ ಇದನ್ನೂ ಹೊರಿಸ್ಲಾ?" ಅವನು ಕಣ್ಣೊರೆಸಿಕೊಂಡ. "ನೈವೇದ್ಯಕ್ಕೆ ಮೊದಲು ನಾಲಗೆಗೆ ಇಡುವ ಹಾಗಿಲ್ಲ. ಇಟ್ರೂ ಉಪ್ಪು, ಹುಳಿ ಬಿಟ್ಟು ಬೇರೆಲ್ಲ ಮಣ್ಣು. ಅದಕ್ಕೇ ನಿನಗೆ ತಂದು ಕೇಳ್ತಿದ್ದೆ. ನೀನು ಹೇಳಿದ್ದರ ಲೆಕ್ಕದಲ್ಲಿ ಮರುದಿನ ಹಾಕ್ತಿದ್ದೆ. ನೀನು ಇಲ್ಲಿಗೆ ಬಂದ ಮೇಲೆ ಗಿರಾಕಿಗಳಿಗೆ ಹಳಸಿದ ಕೂಟು ಬಡಿಸಿಬಿಟ್ಟೆ. ಈಗ ನನ್ನನ್ನು ಗ್ರೈಂಡರಿನ ಹತ್ತಿರ ಹಾಕಿದ್ದಾರೆ."

"ನಾನು ಹೋಗ್ತೇನೆ ಅಂದಾಗ ತಡೀಲೂ ಇಲ್ಲ ನೀವು."

"ಗ್ಯಾಸ್ ಗೊತ್ತಾಗದವನ ಜೊತೆ ನಿನ್ನನ್ನು ಹೇಗೆ ಇಟ್ಕೊಳ್ಲಿ? ಅವತ್ತು ಕಡ್ಡಿ ಗೀರಿದ್ರೆ..."

ಮುಕ್ತಾ ಅವನ ಮೊಣಕಾಲಿಗೆ ಹಣೆಯಿಟ್ಟು ಅತ್ತಳು. ಮಗು ಹೋದ ದಿನ ಅಳದೆ ಉಳಿದದ್ದೂ ಅದರಲ್ಲಿ ಸೇರಿಕೊಂಡಿತು. "ನೀವು ನನ್ನನ್ನು ಕೊಲ್ಲಲಿಕ್ಕೆ ನಿಂತಿದ್ರಿ ಅಂತ ನಾನು ನಂಬಿಬಿಟ್ಟೆ," ಎಂದಳು. ರಘುಪತಿ ಅವಳ ತಲೆಯ ಮೇಲೆ ಕೈಯಿಟ್ಟ.

ಸಂಜೆ ಇಬ್ಬರೂ ಹೊರಟರು. ಮನೀಶ ಮುಖ ಕೊಟ್ಟು ಮಾತಾಡಲಿಲ್ಲ. ದಮಯಂತಿ ಮಾತ್ರ ಮಗಳ ಕಿವಿಯಲ್ಲಿ, "ಸಿಲಿಂಡರ್ ಇನ್ನು ನೀನೇ ನೋಡ್ಕೋ," ಎಂದಳು.

ಠಾಣೆ ರೈಲು ನಿಲ್ದಾಣದಲ್ಲಿ ಪನ್ವೇಲ್ ಗಾಡಿಗೆ ಕಾಯುತ್ತ ಬೆಂಚಿನ ಮೇಲೆ ಕೂತರು. ಹೋದ ಮೂಗು ಮರಳುವುದಿಲ್ಲ, ಹೋದ ಮಗುವೂ ಮರಳುವುದಿಲ್ಲ. ನಾಳೆ ರಘುಪತಿ ಮತ್ತೆ ಗ್ರೈಂಡರಿನ ಮುಂದೆಯೇ ಕೂರಬೇಕು. ಅದೆಲ್ಲ ಮುಕ್ತಾಳಿಗೆ ಗೊತ್ತಿತ್ತು. ಗಾಡಿ ಬಂದಾಗ ಅವಳು ಎಂದಿನಂತೆ ಲೇಡೀಸ್ ಡಬ್ಬದ ಕಡೆ ನಡೆಯಲಿಲ್ಲ. ಅವನ ಹಿಂದೆಯೇ ಜನರಲ್ ಡಬ್ಬ ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ರಘುಪತಿ ಅವಳನ್ನು ಕೂರಿಸಿ, ತಾನು ಸೀಟಿನ ತುದಿಗೆ ಸರಿದು ಕೂತ.

"ಯಾಕೆ ಅಷ್ಟು ದೂರ?"

ಅವನು ತೋಳನ್ನು ಮೂಗಿನ ಹತ್ತಿರ ಒಯ್ದು, ಹಾಗೆಯೇ ಕೆಳಗಿಳಿಸಿದ. "ಬೆಳಿಗ್ಗೆ ನಿಂಬೆ ಹಾಕಿ ತಿಕ್ಕಿದ್ದೆ. ಹೋಗಿದೆಯೋ ಇಲ್ವೋ, ಈಗ ನನಗೆ ಗೊತ್ತಾಗೋದಿಲ್ಲ ಅಲ್ವಾ... ನನ್ನ ಮೈಯಲ್ಲಿ ವಾಸನೆ ಉಂಟಾ?"

ಇಷ್ಟು ದಿನ ಬಾಗಿಲ ಹತ್ತಿರ ಮಲಗಿದ್ದು ಇದಕ್ಕೆ ಎಂದು ಆಗ ಮುಕ್ತಾಳಿಗೆ ಪೂರ್ತಿ ತಿಳಿಯಿತು. ಅವಳು ಬಾಗಿ ಅವನ ತೋಳಿಗೆ ಮುಖ ತಾಗಿಸಿದಳು.

"ಉಂಟು. ಹಿಂಗಿನದ್ದು."

"ಹಾಗಾದ್ರೆ ನಾನು ನಿಂತೇ ಬರ್ತೇನೆ."

"ಬೇಡ," ಎಂದು ಅವಳು ಅವನ ಕೈ ಹಿಡಿದು ಹತ್ತಿರ ಎಳೆದುಕೊಂಡಳು. "ಇಲ್ಲೇ ಕೂತ್ಕೊಳ್ಳಿ."