ಕೆಂಪೆಣ್ಣೆಯ ಕೆಳಗಿನ ಪದರ

ಫೆಬ್ರವರಿ 26, ಗುರುವಾರ. ಬೆಳಿಗ್ಗೆ ಹತ್ತೂವರೆಗೆ ಶಾಂತಕುಮಾರಿ ಎಂಬ ಹೆಂಗಸು ಹಲಸೂರಿನ ಸಂಚಾರ ಠಾಣೆಗೆ ಬಂದಳು. ಅರ್ಧ ಕಟ್ಟಿದ ಕನಕಾಂಬರದ ಮಾಲೆ ಕೈಯಲ್ಲೇ ಇತ್ತು; ಎಲ್ಲಿಡಬೇಕೆಂದು ತೋಚದೆ ಹಿಡಿದುಕೊಂಡೇ ಬಂದಿದ್ದಳು.

"ನಮ್ಮಮ್ಮನ ಕಾಲು ಮುರಿದ್ಬಿಟ್ಟ ಮೇಡಂ. ಬಸ್ಸಿನಷ್ಟು ದೊಡ್ಡ ಗಾಡಿ. ಇವತ್ತು ಬೆಳಿಗ್ಗೆ ಕೆರೆ ಹತ್ರ ತಿರುವಿನಲ್ಲಿ ತಿರುಗಿಸ್ದೆ ಸೀದಾ ಫುಟ್‌ಪಾತ್‌ಗೇ ಹತ್ತಿಸ್ಬಿಟ್ಟ. ಕುಡಿದಿರ್ಲೇಬೇಕು."

ಇನ್‌ಸ್ಪೆಕ್ಟರ್ ಪ್ರಿಯದರ್ಶಿನಿ ಕುರ್ಚಿ ಸರಿಸಿ ಕೂರಿಸಿದರು. ತಾಯಿ ಆಂಜನಮ್ಮ ಆ ತಿರುವಿನಲ್ಲಿ ಹೂವು ಮಾರುತ್ತಿದ್ದವರು, ಈಗ ಆಸ್ಪತ್ರೆಯಲ್ಲಿದ್ದಾರೆ, ಜೀವಕ್ಕೇನೂ ಭಯವಿಲ್ಲ. ದೂರನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆದು ಎಫ್‌ಐಆರ್ ದಾಖಲಿಸಲಾಯಿತು. ಅಜಾಗರೂಕ ಚಾಲನೆ, ಅದರಿಂದ ತೀವ್ರ ಗಾಯ. ಆರೋಪಿ, ಚಾಲಕ ದುರ್ಗೇಶ.

ದುರ್ಗೇಶ ಎಲ್ಲಿಗೂ ಓಡಿರಲಿಲ್ಲ. ಆಂಜನಮ್ಮನನ್ನು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದವನೂ ಅವನೇ. ಮೂವತ್ತರ ಆಸುಪಾಸಿನ ವಯಸ್ಸು, ಸಿಂಧನೂರು ಕಡೆಯವನು, ಜೋಗುಪಾಳ್ಯದಲ್ಲಿ ಬಾಡಿಗೆ ಕೋಣೆ. ಉಸಿರು ಪರೀಕ್ಷೆಯಲ್ಲಿ ಮದ್ಯದ ಸುಳಿವಿರಲಿಲ್ಲ.

"ಎಷ್ಟು ಸ್ಪೀಡಿತ್ತು?"

"ಎರಡನೇ ಗೇರಿನಾಗ ಇದ್ದೆರಿ. ತಿರುವಿನಾಗ ಸ್ಟೇರಿಂಗ್ ಕಲ್ಲಾತ್ರಿ ಮೇಡಂ. ಇದ್ದಷ್ಟು ಶಕ್ತಿ ಹಾಕಿ ಎಳದೆ. ಅರ್ಧ ತಿರಗಿ ನಿಂತ್ಬಿಡ್ತು."

"ಬ್ರೇಕ್?"

"ಹಾಕಿದ್ದಕ್ಕ ಆಯಿ ಉಳಿದಾಳ್ರಿ."

ಅವನನ್ನು ಹೊರಗೆ ಕೂರಿಸಿದ ಮೇಲೆ ಹೆಡ್ ಕಾನ್‌ಸ್ಟೆಬಲ್ ಬಸು ಗೊಣಗಿದ. "ಎಲ್ಲಾ ಡ್ರೈವರ್‌ಗೋಳೂ ಹಿಂಗ ಅಂತಾರ್ರಿ. ತಪ್ಪು ಯಾವಾಗ್ಲೂ ಗಾಡೀದು."

"ನಿಮ್ಮ ಕಡೆ ಹುಡುಗ ಅಂತ ಬಿಟ್ಟುಬಿಡ್ತೀರೇನೋ ಅಂದ್ಕೊಂಡೆ."

"ನಮ್ಮ ಕಡೆಯವ ಅಂತನ ಎರಡು ಪ್ರಶ್ನಿ ಹೆಚ್ಚಿಗಿ ಕೇಳೀನ್ರಿ."

ಮಧ್ಯಾಹ್ನ ವಾಹನದ ಪಂಚನಾಮೆ ನಡೆಯಿತು. ಒಡತಿ ಬೆನ್ಸನ್ ಟೌನಿನ ಮಾರಿಯಾ, ಫಿಸಿಯೋಥೆರಪಿಸ್ಟ್. ಹಳೆಯ ಸ್ಕೂಲ್ ಬಸ್ಸೊಂದನ್ನು ಕೊಂಡು ಮೋಟರ್‌ಹೋಮ್ ಮಾಡಿಸಿದ್ದಳು. ಒಳಗೆ ನಾಲ್ಕು ಮಂಚ, ಪುಟ್ಟ ಅಡುಗೆಕಟ್ಟೆ, ಹಿಂದೆ ಗಾಲಿಕುರ್ಚಿ ಏರಿಸುವ ಲಿಫ್ಟು. ನಡೆಯಲಾಗದವರನ್ನು ಸಮುದ್ರಕ್ಕೋ ಬೆಟ್ಟಕ್ಕೋ ಕರೆದೊಯ್ಯುವುದು ಅವಳ ಕೆಲಸ.

"ಮಾರ್ಚ್ ಕೊನೆಗೆ ಕಾರವಾರ ಟ್ರಿಪ್ ಇದೆ ಮೇಡಂ. ಬರೋರಲ್ಲಿ ಇಬ್ಬರು ಸಮುದ್ರನೇ ನೋಡಿಲ್ಲ. ದುರ್ಗೇಶ್ ಲೈಸೆನ್ಸ್ ಹೋದ್ರೆ ಬೇರೆ ಡ್ರೈವರ್ ಎಲ್ಲಿ ತರ್ಲಿ? ಅವರನ್ನ ಎತ್ತಿ ಕೂರಿಸೋಕೆ ಬರೋ ಡ್ರೈವರ್ ಎಷ್ಟು ಜನ ಸಿಗ್ತಾರೆ?"

ಪ್ರಿಯದರ್ಶಿನಿ ಬಗ್ಗಿ ಗಾಡಿಯ ಮುಂಭಾಗ ನೋಡಿದರು. ಬಾನೆಟ್ಟಿನ ಕೆಳಗೆ ನೆಲ ಒದ್ದೆಯಾಗಿತ್ತು. ಪವರ್ ಸ್ಟೀರಿಂಗ್ ಎಣ್ಣೆಯ ಡಬ್ಬಿಯಲ್ಲಿ ತಳ ಕಾಣುವಷ್ಟು ಮಾತ್ರ ಎಣ್ಣೆ ಉಳಿದಿತ್ತು, ಅದೂ ಮಬ್ಬು ಕಂದು. ಪಂಚ ಸಾಕ್ಷಿಗಳ ಎದುರು ಅದನ್ನು ಗಾಜಿನ ಶೀಷೆಗೆ ತುಂಬಿ ಮೊಹರು ಮಾಡಿದರು.

ಮರುದಿನ ಮೋಟಾರು ವಾಹನ ನಿರೀಕ್ಷಕರ ವರದಿ ಬಂತು. ಬ್ರೇಕು ಸರಿಯಿದೆ, ಸ್ಟೀರಿಂಗ್ ಎಣ್ಣೆ ಸೋರಿದೆ, ರಬ್ಬರ್ ಸೀಲುಗಳು ಊದಿವೆ, ನಿರ್ವಹಣೆಯಲ್ಲಿ ನಿರ್ಲಕ್ಷ್ಯ. ನಿರ್ವಹಣೆ ದುರ್ಗೇಶನದೇ ಆದ್ದರಿಂದ ಅವನ ಕುಣಿಕೆ ಇನ್ನಷ್ಟು ಬಿಗಿಯಾಯಿತು.

ಪ್ರಿಯದರ್ಶಿನಿಯ ಕಣ್ಣು ಮಾತ್ರ 'ಊದಿವೆ' ಎಂಬ ಮಾತಿನ ಮೇಲೆ ನಿಂತಿತು. ಪೊಲೀಸ್ ಪರೀಕ್ಷೆ ಬರೆಯುವ ಮುನ್ನ ಅವರು ಓದಿದ್ದು ರಸಾಯನಶಾಸ್ತ್ರ. ಹಳೆಯ ರಬ್ಬರು ಗಡುಸಾಗುತ್ತದೆ, ಬಿರುಕು ಬಿಡುತ್ತದೆ. ಊದಬೇಕಾದರೆ ಅದಕ್ಕೆ ಆಗದ ದ್ರವವನ್ನೇನೋ ಕುಡಿದಿರಬೇಕು.

ಪ್ರಯೋಗಾಲಯಕ್ಕೆ ಹೋಗಬೇಕಿದ್ದ ಶೀಷೆ ಕಿಟಕಿಯ ಬಳಿಯ ಬೀರುವಿನಲ್ಲಿತ್ತು. ಅಲುಗಾಡದೆ ನಿಂತ ಎಣ್ಣೆ ತನ್ನಷ್ಟಕ್ಕೆ ಎರಡಾಗಿತ್ತು. ಮೇಲೆ ತಿಳಿಗೆಂಪು. ಕೆಳಗೆ, ನೇರ ಗೆರೆ ಎಳೆದಂತೆ, ತೆಳು ಹಳದಿ.

"ಬಸು, ಇಲ್ಲಿ ನೋಡಿ. ಎರಡೂ ಒಂದೇ ಜಾತಿ ಎಣ್ಣೆ ಆಗಿದ್ರೆ ಹೀಗೆ ಬೇರೆ ಆಗ್ತಿರ್ಲಿಲ್ಲ."

ಮೊಹರು ಒಡೆಯುವಂತಿರಲಿಲ್ಲ. ಪಂಚರನ್ನು ಮತ್ತೆ ಕರೆಸಿ, ವಾಹನದ ಕೊಳವೆಯಲ್ಲಿ ಉಳಿದಿದ್ದ ಎಣ್ಣೆಯನ್ನು ಬೇರೊಂದು ಶೀಷೆಗೆ ಇಳಿಸಿ ತಿಳಿಯಾಗಲು ಬಿಟ್ಟರು. ಕೆಳಗಿನ ಹಳದಿಯ ಕೆಲವು ಹನಿಗಳನ್ನು ನೀರಿಗೆ ಹಾಕಿದರು. ಎಣ್ಣೆಯಾಗಿದ್ದರೆ ತೇಲಬೇಕಿತ್ತು. ಅದು ಸಕ್ಕರೆಯಂತೆ ಕರಗಿಹೋಯಿತು.

"ಬ್ರೇಕ್ ಆಯಿಲ್," ಎಂದರು ಪ್ರಿಯದರ್ಶಿನಿ. "ಹೆಸರಿಗೆ ಆಯಿಲ್, ನಿಜವಾಗಿ ಎಣ್ಣೆ ಅಲ್ಲ. ಸ್ಟೀರಿಂಗಿನ ಸೀಲಿಗೆ ವಿಷ ಇದ್ದ ಹಾಗೆ. ಲ್ಯಾಬ್ ಬರಹದಲ್ಲಿ ಕೊಡಲಿ. ಅಷ್ಟರಲ್ಲಿ ಇದನ್ನ ಯಾರು ಹಾಕಿದ್ರು ಅಂತ ನಾವು ನೋಡೋಣ."

ಕೊನೆಯದಾಗಿ ಎಣ್ಣೆ ತಂದು ಹಾಕಿದವನು ತಾನೇ ಎಂದು ದುರ್ಗೇಶ ಮರೆಮಾಚದೆ ಒಪ್ಪಿದ. ಜನವರಿಯಲ್ಲಿ, ಶಿವಾಜಿನಗರದ ಅಕ್ತರ್ ಭಾಯಿ ಅಂಗಡಿಯಿಂದ. ಪ್ರಿಯದರ್ಶಿನಿ, ಬಸು ಇಬ್ಬರೂ ಅಲ್ಲಿಗೆ ಹೋದರು.

ಬಿಡಿಭಾಗಗಳ ಸಾಲಂಗಡಿಗಳ ನಡುವೆ ಅಕ್ತರ್ ಗಲ್ಲಾದ ಹಿಂದೆ ಚಹಾ ಕುಡಿಯುತ್ತಿದ್ದರು. ದುರ್ಗೇಶನ ಫೋಟೋ ನೋಡಿದ್ದೇ ನಕ್ಕರು.

"ಅರೆ, ಮನೆಗಾಡಿಯವನು! ಮೋಟರ್‌ಹೋಮಿಗೆ ಸ್ಟೀರಿಂಗ್ ಆಯಿಲ್ ಕೊಡಿ ಅಂದ. ಮೋಟರ್‌ಹೋಮ್ ಅಂತ ಕಂಪನಿ ಇಲ್ಲ ಮಿಯಾ, ಮೇಲೆ ಮನೆಯಾದ್ರೂ ಕಟ್ಟು ಮಹಲಾದ್ರೂ ಕಟ್ಟು, ಸ್ಟೀರಿಂಗಿಗೆ ಕೆಳಗಿನ ಚಾಸಿ ಮಾತ್ರ ಗೊತ್ತು, ಅದು ಯಾವ್ದು ಹೇಳು ಅಂದೆ. ಕಲರ್ ನೋಡಿ ಕೊಟ್ಬಿಡಿ ಅಂತಾರೆ ಜನ. ಬಣ್ಣ ನೋಡೋಕೆ ಇದೇನು ಸೀರೆನಾ?"

"ಆಮೇಲೆ?"

"ವಾಪಸ್ ಹೋಗಿ ಗಾಡಿ ಪುಸ್ತಕದ ಫೋಟೋ ತೆಗೆದ್ಕೊಂಡು ಬಂದ. ಅದ್ರಲ್ಲಿ ಸ್ಟೀರಿಂಗಿಗೆ ಎಟಿಎಫ್ ಅನ್ನೋ ಎಣ್ಣೆ ಅಂತಿತ್ತು. ಕೆಂಪು ಬರುತ್ತಲ್ಲ, ಅದೇ ಕೊಟ್ಟೆ. ಕರೆಕ್ಟ್ ಮಾಲು ಮೇಡಂ."

"ಬ್ರೇಕ್ ಆಯಿಲ್ ಏನಾದ್ರೂ ತಗೊಂಡ್ನಾ?"

"ನಹೀ ಜೀ."

ಹೊರಗೆ ಬಂದು ಬಸು ತಲೆ ಕೆರೆದುಕೊಂಡ. "ಪುಸ್ತಕ ನೋಡಿ ಎಣ್ಣಿ ಒಯ್ಯಾಂವ ಬ್ರೇಕ್ ಆಯಿಲ್ ಯಾಕ್ ಸುರೀತಾನ್ರಿ?"

"ಅದೇ ನಾನೂ ಕೇಳ್ತಿರೋದು."

ಶನಿವಾರ ಬೆಳಿಗ್ಗೆ ಬಾನೆಟ್ಟನ್ನು ಮತ್ತೆ ತೆರೆಸಿದರು. ಇಂಜಿನ್ನಿನ ನೆತ್ತಿಯಲ್ಲಿ ಒಣಗಿದ ಕುಂಕುಮದ ಬೊಟ್ಟಿತ್ತು, ಎಲ್ಲ ಗಾಡಿಗಳಲ್ಲೂ ಇರುವಂಥದ್ದು. ಆದರೆ ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಬೊಟ್ಟಿರಲಿಲ್ಲ. ಬೆರಳಿಗೆ ಹಿಡಿತ ಸಿಗಲೆಂದು ಅದರ ಸುತ್ತ ಮಾಡಿರುವ ಗೀರುಗಳಲ್ಲಿ ಮಾತ್ರ, ಎದುರುಬದುರಾಗಿ, ಕುಂಕುಮ ಮೆತ್ತಿತ್ತು. ಪೂಜೆ ಮಾಡಿದ ಕೈ ಒರೆಸಿಕೊಳ್ಳದೆಯೇ ಯಾರೋ ಅದನ್ನು ತಿರುಗಿಸಿದ್ದರು.

"ಮಾರಿಯಾ, ಗಾಡಿಗೆ ಪೂಜೆ ಮಾಡೋರು ಯಾರು?"

"ಮುನಿರಾಜಣ್ಣ. ಸ್ಕೂಲ್ ಬಸ್ ಆಗಿದ್ದಾಗಿಂದ ಇದನ್ನ ಓಡಿಸ್ತಿದ್ದೋರು. ಬಸ್ ನಾನು ತಗೊಂಡಾಗ ಅವರೂ ಇದರ ಜೊತೆಗೇ ಬಂದ್ರು. ಶುಗರ್‌ನಿಂದ ಕಣ್ಣು ಮಂಜಾಯ್ತು, ಲೈಸೆನ್ಸ್ ರಿನ್ಯೂ ಆಗ್ಲಿಲ್ಲ. ಅದಕ್ಕೇ ಹೊಸ ವರ್ಷದಿಂದ ದುರ್ಗೇಶ್. ಆದ್ರೂ ಪ್ರತಿ ಅಮಾವಾಸ್ಯೆ ಬಂದು ಚಕ್ರಕ್ಕೆ ನಿಂಬೆಹಣ್ಣಿಟ್ಟು ಹೋಗ್ತಾರೆ. ನಾನು ಬೇಡ ಅನ್ನಲ್ಲ, ಅವರ ಸಮಾಧಾನ."

"ಈ ಸಲ ಬಂದಿದ್ರಾ?"

"ಬಂದಿದ್ರು, ಹದಿನೇಳಕ್ಕೆ. ದುರ್ಗೇಶ್ ಇರ್ಲಿಲ್ಲ, ನಾನು ಒಳಗಿದ್ದೆ." ಮಾತು ಮುಗಿಯುವಷ್ಟರಲ್ಲಿ ಅವಳ ಮುಖ ಬಿಳುಚಿತು. "ಅವರು ಹಾಗೆ ಮಾಡೋರಲ್ಲ ಮೇಡಂ."

ಕೆ.ಆರ್. ಪುರದ ಮನೆಯ ಹೊಸ್ತಿಲಲ್ಲಿ ಮುನಿರಾಜು ಕೂತಿದ್ದ. ಅರವತ್ತು ದಾಟಿದ್ದರೂ ತೋಳುಗಳು ಇನ್ನೂ ಕುಸ್ತಿಪಟುವಿನವು. ಸಮವಸ್ತ್ರ ಕಂಡು ಎದ್ದು ನಿಂತ.

"ಅಮಾವಾಸ್ಯೆ ದಿನ ಪೂಜೆ ಮಾಡಿದ್ರಾ?"

"ಮಾಡ್ದೆ."

"ಬಾನೆಟ್ ತೆಗೆದಿದ್ರಾ?"

"ಬೊಟ್ಟಿಡೋಕೆ."

"ಎಣ್ಣೆ ಡಬ್ಬಿ ಮುಚ್ಚಳ ಯಾಕೆ ತಿರುಗಿಸಿದ್ರಿ?"

ಮುನಿರಾಜು ತಿರುಗಿ ಕೇಳಿದ. "ಆ ಹುಡುಗನಿಗೆ ಏನಾಗುತ್ತೆ?"

"ಚಾರ್ಜ್‌ಶೀಟ್ ಹಾಕಿದ್ರೆ ಲೈಸೆನ್ಸ್ ಹೋಗತ್ತೆ. ಜೈಲೂ ಆಗಬಹುದು."

"ಹೂವಿನಮ್ಮನಿಗೆ?"

"ಕಾಲಿಗೆ ರಾಡ್ ಹಾಕಿದ್ದಾರೆ. ನಡೀತಾರೆ, ನಿಧಾನಕ್ಕೆ."

ಮುನಿರಾಜು ಮತ್ತೆ ಹೊಸ್ತಿಲ ಮೇಲೆ ಕುಸಿದ. "ಅವನದೇನೂ ತಪ್ಪಿಲ್ಲ, ಬಿಟ್ಬಿಡಿ. ನಾನೇ ಹಾಕಿದ್ದು. ಸ್ಟೇರಿಂಗ್ ಸ್ವಲ್ಪ ಭಾರ ಆಗುತ್ತೆ, ಇವನಿಗೆ ಆಗಲ್ಲ, ಮಾರಿಯಾ ಅಮ್ಮ ನನ್ನನ್ನೇ ಕರೀತಾರೆ ಅಂದ್ಕೊಂಡೆ. ನಾನು ಪವರ್ ಸ್ಟೇರಿಂಗ್ ಇಲ್ಲದ ಕಾಲದೋನು ಮೇಡಂ, ಲೋಡ್ ಗಾಡಿನೂ ತೋಳಲ್ಲೇ ತಿರುಗಿಸಿದೋನು. ಭಾರ ಆದ್ರೆ ಭಾರ, ಅದರಿಂದ ಇನ್ನೇನಾಗುತ್ತೆ ಅಂದ್ಕೊಂಡ್ಬಿಟ್ಟೆ."

ಪೊಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ; ಆರೋಪಿಯೇ ತೋರಿಸಿಕೊಟ್ಟ ವಸ್ತು ನಿಲ್ಲುತ್ತದೆ. ಉಳಿದ ಬ್ರೇಕ್ ಆಯಿಲಿನ ಬಾಟಲಿ ಎಲ್ಲಿ ಎಂದು ಕೇಳಿದಾಗ ಅವನೇ ಮುಂದಾಗಿ ಬಚ್ಚಲಿನ ಹಿಂದೆ ತೋರಿಸಿದ. ಪಂಚರ ಸಮಕ್ಷಮ ಅದನ್ನು ವಶಪಡಿಸಿಕೊಂಡು, ಸಂಜೆ ನಾಲ್ಕೂಕಾಲಿಗೆ ಮುನಿರಾಜುವನ್ನು ಬಂಧಿಸಿದರು. ದುರ್ಗೇಶನ ಹೆಸರನ್ನು ಆರೋಪಿ ಸ್ಥಾನದಿಂದ ಕೈಬಿಡುವಂತೆ ನ್ಯಾಯಾಲಯಕ್ಕೆ ವರದಿ ಸಿದ್ಧವಾಯಿತು. ಮುನಿರಾಜುವಿನ ಮೇಲೆ ಹಾಕಿದ ಹೊಸ ಕಲಮುಗಳೂ ಜಾಮೀನು ಸಿಗುವಂಥವೇ. ಠಾಣೆಗೆ ಬಂದ ಮಾರಿಯಾ ಬಹಳ ಹೊತ್ತು ಅವನ ಮುಖ ನೋಡಲಿಲ್ಲ.

"ಆ ಗಾಡೀಲಿ ಎದ್ದು ಓಡಕ್ಕಾಗದೇ ಇರೋರು ಕೂತಿರ್ತಾರೆ ಅಣ್ಣಾ," ಎಂದಷ್ಟೇ ಹೇಳಿದಳು. ಆಮೇಲೆ ಜಾಮೀನಿಗೆ ಎಲ್ಲಿ ಸಹಿ ಹಾಕಬೇಕೆಂದು ಬಸುವನ್ನು ಕೇಳಿದಳು.

ಪ್ರಿಯದರ್ಶಿನಿ ಲೈಸೆನ್ಸನ್ನು ದುರ್ಗೇಶನ ಕೈಗಿಟ್ಟರು. ಅವನು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡ, ಆದರೆ ಹೊರಡಲಿಲ್ಲ.

"ಇನ್ನೇನು?"

"ಮುನಿರಾಜಣ್ಣಗ ಒಂದ್ ಮಾತು ಕೇಳೋದಿತ್ರಿ."

"ಜಗಳ ಬೇಡ."

"ಸಿಟ್ಟೇನೋ ಐತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಕಾರವಾರಕ್ಕ ಘಾಟ್ ಇಳೀಬೇಕಲ್ರಿ. ಇಳಿಜಾರಿನಾಗ ಆ ಗಾಡಿ ಎರಡನೇ ಗೇರ್ ತಾನಾಗೇ ಬಿಟ್ಟುಕೊಡ್ತದ. ನನಗ ಇನ್ನಾ ಹಿಡಿತ ಸಿಕ್ಕಿಲ್ಲ. ಇವರು ಹೆಂಗ್ ಹಿಡೀತಿದ್ರೋ ಕೇಳ್ಬೇಕು."

ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿದ್ದ ಮುನಿರಾಜು ಮುಖ ಎತ್ತಿದ. ಲೈಸೆನ್ಸ್ ಹೋದಂದಿನಿಂದ ಆ ಗಾಡಿಯ ವಿಷಯವಾಗಿ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಅವನಿಗೆ ಬೇಕಾಗಿದ್ದು ಇಷ್ಟೇ ಇರಬಹುದೇ ಎಂದು ಪ್ರಿಯದರ್ಶಿನಿಗೆ ಅನ್ನಿಸಿತು. ವರದಿಯಲ್ಲಿ ಅದನ್ನು ಬರೆಯಲು ಯಾವ ಕಲಮೂ ಇರಲಿಲ್ಲ.

ಮುನಿರಾಜು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ದುರ್ಗೇಶ ಕೂತ.

"ಕೈ ಇಲ್ಲಿಡು," ಎಂದು ಮುನಿರಾಜು ಗಾಳಿಯಲ್ಲೇ ಗೇರಿನ ಹಿಡಿ ತೋರಿಸಿದ. "ಒತ್ತಬಾರದು. ಸುಮ್ನೆ ಎಡಕ್ಕೆ ಒರಗಿಸಿ ಇಟ್ಕೋಬೇಕು."